ತೋರಿಸುವ ಕೈ

ನಾನು ಧೈರ್ಯದ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನದ ಬಗ್ಗೆ ಆಮೇಲೆ ಜನ ಏನೇನೋ ಮಾತಾಡಿದರು. ಗಂಡೆದೆಯವಳು ಅಂದರು, ಬಾಯಿಬಡುಕಿ ಅಂದರು, ನಾನೂರು ಜನರ ಅನ್ನಕ್ಕೆ ಮಣ್ಣು ಹಾಕಿದವಳು ಅಂದರು. ಯಾವುದೂ ಅಲ್ಲ. ನನಗೆ ಹೆದರಿಕೆಯಾಗಿತ್ತು, ಅಷ್ಟೆ. ಈಗ ಇದನ್ನು ಹೇಳುವಾಗಲೂ ಆಗುತ್ತಿದೆ.

ನಾನು ಸಿಗಡಿ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುವವಳು. ನಮ್ಮ ಅತ್ತೆಯೂ ಅಲ್ಲೇ. ಬೆಳಿಗ್ಗೆ ಆರಕ್ಕೆ ಮೇಜಿನ ಮುಂದೆ ನಿಂತರೆ ಸಂಜೆ ನಾಲ್ಕರ ತನಕ ನಿಂತೇ ಇರಬೇಕು. ಮುಂದೆ ತೊಟ್ಟಿ. ತೊಟ್ಟಿಯಲ್ಲಿ ಮಂಜುಗಡ್ಡೆ ಕರಗಿದ ನೀರು, ಅದರಲ್ಲಿ ಸಿಗಡಿ. ತಲೆ ಮುರಿ, ಸಿಪ್ಪೆ ಎಳೆ, ಬೆನ್ನಿನ ಕರಿ ನರ ಕೀಳು, ತಟ್ಟೆಗೆ ಹಾಕು. ಕೈಗೆ ಗ್ಲೌಸ್ ಹಾಕಿಕೊಂಡರೆ ನರ ಬೆರಳಿಗೆ ಸಿಗುವುದಿಲ್ಲ. ನರ ಉಳಿದರೆ ಮೇಸ್ತ್ರಿ ತಟ್ಟೆಯನ್ನೇ ಮಗುಚಿ, ಮೊದಲಿಂದ ಮಾಡು ಅನ್ನುತ್ತಾನೆ. ಹಾಗಾಗಿ ಎಲ್ಲರದೂ ಬರಿಗೈ. ಆ ನೀರಿಗೆ ಒಂದು ಬಿಳಿ ಪುಡಿ ಹಾಕುತ್ತಾರೆ, ಕ್ರಿಮಿ ಸಾಯಲಿ ಅಂತ. ಕ್ರಿಮಿಯ ವಿಷಯ ನನಗೆ ಗೊತ್ತಿಲ್ಲ. ಆರು ತಿಂಗಳಿಗೆ ಬೆರಳ ತುದಿಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತದೆ. ವರ್ಷ ಕಳೆದರೆ ಉಗುರು ಕಪ್ಪಾಗಿ ಉದುರುತ್ತದೆ.

ಅತ್ತೆಗೆ ಅಲ್ಲಿ ಹನ್ನೊಂದು ವರ್ಷ. ಅವರ ಬಲಗೈಯಲ್ಲಿ ಎರಡೇ ಉಗುರು ಉಳಿದಿದ್ದವು. ಹೆಬ್ಬೆರಳ ಸಂದು ಸೀಳಿ ಒಳಗಿನ ಕೆಂಪು ಕಾಣುತ್ತಿತ್ತು. ಉಪ್ಪು ಖಾರ ತಾಗಿದರೆ ಜೀವ ಹೋಗುವಷ್ಟು ಉರಿ, ಅದಕ್ಕೆ ಚಮಚದಲ್ಲಿ ಉಣ್ಣುತ್ತಿದ್ದರು. ದೊಡ್ಡ ಮನೆಯವರ ಹಾಗೆ ಚಮಚ ಹಿಡಿಯುವ ಭಾಗ್ಯ ಬಂತಲ್ಲ ಅಂತ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು ಅವರು ಬುಟ್ಟಿ ಹೊತ್ತು ಬೀದಿ ಬೀದಿ ಮೀನು ಮಾರಿದವರು. ದೂರದ ದೊಡ್ಡ ಹಡಗುಗಳು ಬಂದು ಸಮುದ್ರವನ್ನು ಗುಡಿಸಿಕೊಂಡು ಹೋಗತೊಡಗಿದ ಮೇಲೆ ಬುಟ್ಟಿಗೆ ಮೀನು ಸಿಗಲಿಲ್ಲ. ಸಿಕ್ಕಿದ್ದನ್ನು ಕಾರ್ಖಾನೆಯವರೇ ದಡದಲ್ಲಿ ಎತ್ತಿಕೊಂಡರು. ಅವರ ಮಗ, ಅಂದರೆ ನನ್ನ ಗಂಡ, ಈಗ ಅಂಥದೇ ಒಂದು ಹಡಗಿನಲ್ಲಿ ಬಲೆ ಎಳೆಯುತ್ತಾನೆ, ಎಂಟು ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ನಾವಿಬ್ಬರೇ. ದಿನಾ ಜಗಳ ಆಡುತ್ತೇವೆ, ಜಗಳ ಆಡದ ದಿನ ಇಬ್ಬರಿಗೂ ನಿದ್ದೆ ಬರುವುದಿಲ್ಲ.

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ನಾವು ಬಿಡಿಸಿದ ಸಿಗಡಿ ಹೋಗುವುದು ಸಮುದ್ರದಾಚೆಗೆ. ಕೊಳ್ಳುವವರ ಕಡೆಯಿಂದ ವರ್ಷಕ್ಕೊಮ್ಮೆ ನೋಡಲು ಬರುತ್ತಾರೆ. ಕೆಲಸದವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಾ ಅಂತ ವಿಚಾರಿಸುತ್ತಾರೆ, ಕೈ ತೋರಿಸಿ ಅನ್ನುತ್ತಾರೆ. ಹಾಗಾಗಿ ಅವರು ಬರುವ ಹದಿನೈದು ದಿನ ಮೊದಲೇ ಮ್ಯಾನೇಜರು ಮೇಜುಗಳ ನಡುವೆ ನಡೆದು ಕೈ ಆರಿಸುತ್ತಾರೆ. ಹೊಸದಾಗಿ ಸೇರಿದವರ, ಇನ್ನೂ ಹಾಳಾಗದ ಕೈ. ಅವರನ್ನು ನೀರಿನಿಂದ ಎಬ್ಬಿಸಿ ಲೇಬಲ್ ಅಂಟಿಸುವ ಕಡೆ ಕೂರಿಸುತ್ತಾರೆ, ಹಚ್ಚಿಕೊಳ್ಳಲು ಮುಲಾಮು ಕೊಡುತ್ತಾರೆ. ಅಂಥವರಿಗೆ ನಮ್ಮಲ್ಲಿ ‘ತೋರಿಸೋ ಕೈ’ ಅಂತ ಹೆಸರು.

ಕೈ ತೀರಾ ಕೆಟ್ಟವರಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಯಾವ ಹೆಸರೂ ಇಲ್ಲ. ಅವರು ಕಂಟ್ರಾಕ್ಟರ ಕಡೆಯವರು, ಹಾಜರಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ನೋಡುವವರು ಬಂದ ದಿನ ಅವರನ್ನು ಹಿಂದುಗಡೆ ರಟ್ಟಿನ ಪೆಟ್ಟಿಗೆ ಇಡುವ ಶೆಡ್ಡಿನಲ್ಲಿ ಕೂರಿಸುತ್ತಾರೆ. ಮನೆಗೆ ಕಳಿಸುವುದಿಲ್ಲ, ಯಾಕೆಂದರೆ ಸಿಗಡಿ ಯಾರಿಗೂ ಕಾಯುವುದಿಲ್ಲ, ಬಂದವರ ಕಾರು ಗೇಟು ದಾಟಿದ ಕೂಡಲೇ ಅವರು ಮತ್ತೆ ನೀರಿಗೆ ಕೈ ಹಾಕಬೇಕು. ಉಳಿದವರು ಬಂದವರ ಎದುರು ಮೇಜು ಬಿಡುವ ಹಾಗಿಲ್ಲ, ಕೈಯನ್ನು ನೀರಿನಿಂದ ಮೇಲೆತ್ತುವ ಹಾಗಿಲ್ಲ.

ಆ ವರ್ಷ ನನ್ನ ಕೈ ಆರಿಸಿದರು. ನಾನು ಸೇರಿ ನಾಲ್ಕೇ ತಿಂಗಳಾಗಿತ್ತು.

ಮನೆಗೆ ಬಂದು ಮುಲಾಮಿನ ಡಬ್ಬಿ ಇಟ್ಟೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳಿದಾರಾ ಅಂದರು. ನಾನು ಅವರ ಕೈಗೆ ಹಚ್ಚಲು ಹೋದರೆ ಡಬ್ಬಿ ಕಿತ್ತುಕೊಂಡರು. ತಮ್ಮ ಕೈಗೆ ಹಚ್ಚುವುದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ ಅಂತ ಹೇಳಿ, ನನ್ನ ಬೆರಳಿಗೆ ಒಂದೊಂದಾಗಿ ತಾವೇ ಹಚ್ಚಿದರು. ಅವರ ಬೆರಳು ಒರಟಾಗಿ ನನ್ನ ಚರ್ಮಕ್ಕೆ ಗೀರುತ್ತಿತ್ತು. ನಾನು ಕೈ ಎಳೆದುಕೊಳ್ಳಲಿಲ್ಲ.

ಮಾರನೆಯ ದಿನದಿಂದ ಮೇಸ್ತ್ರಿ ನನಗೆ ಪಾಠ ಹೇಳಿಸಿದ. ಗ್ಲೌಸ್ ಕೊಡುತ್ತಾರೆ. ಎಂಟು ಗಂಟೆ ಕೆಲಸ. ಕೂರಲು ಬೆಂಚು ಇದೆ. ನಮಗೆ ಇಲ್ಲಿ ಏನೂ ತೊಂದರೆ ಇಲ್ಲ. ದಿನಕ್ಕೆ ಮೂವತ್ತು ಸಲ ಹೇಳಿಸಿದ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು ಅಂತ. ಮ್ಯಾನೇಜರು ಎಲ್ಲರನ್ನೂ ಸೇರಿಸಿ ಒಂದು ಭಾಷಣ ಮಾಡಿದರು. ಒಬ್ಬಳು ಬಾಯಿ ಜಾರಿದರೂ ಆರ್ಡರು ಆಚೆ ದಡದ ದೇಶಕ್ಕೆ ಹೋಗುತ್ತದೆ, ಅಲ್ಲಿ ನಿಮಗಿಂತ ಕಡಿಮೆಗೆ ಬಿಡಿಸುವವರು ಸಾಲುಗಟ್ಟಿ ನಿಂತಿದ್ದಾರೆ ಅಂದರು. ಎಲ್ಲರೂ ತಲೆ ತಗ್ಗಿಸಿ ಕೇಳಿದೆವು. ದಾರಿಯಲ್ಲಿ ಅತ್ತೆ ನನಗೆ ಹೇಳಿದರು, “ಆ ದಡದವಳಿಗೂ ಅವಳ ಮ್ಯಾನೇಜರು ಹೀಗೇ ಹೇಳ್ತಿರ್ತಾನೆ ಕಣೇ. ನಮ್ಮನ್ನ ತೋರಿಸಿ ಅವಳನ್ನ ಹೆದರಿಸ್ತಾನೆ, ಅವಳನ್ನ ತೋರಿಸಿ ನಮ್ಮನ್ನ. ಅವಳೂ ನಾವೂ ಒಂದಿನ ಎದುರುಬದುರು ಕೂತರೆ ಇವರ ಗತಿ ಏನು?”

ನಾನು ಸುಮ್ಮನಿರಿ ಅತ್ತೆ, ಯಾರಾದರೂ ಕೇಳಿಸಿಕೊಂಡಾರು ಅಂದೆ. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಬಂದವರು ಇಬ್ಬರು, ಜೊತೆಗೊಬ್ಬ ದುಭಾಷಿ. ಗಂಡಸು ಕೊಳ್ಳುವ ಕಂಪನಿಯವನು, ಬೂದು ಬಣ್ಣದ ಕೋಟು ಹಾಕಿದ್ದ. ಹೆಂಗಸಿನ ಕೂದಲು ಗಿಡ್ಡ, ಕೈಯಲ್ಲೊಂದು ಪುಸ್ತಕ. ಅವಳು ಕಂಪನಿಯವಳಲ್ಲ, ಕೆಲಸದವರ ಪರವಾಗಿ ನೋಡಲು ಬಂದವಳು ಅಂತ ಆಮೇಲೆ ತಿಳಿಯಿತು. ಪ್ರತಿ ವರ್ಷ ಬಂದವರು ಮೊದಲು ಮುಂದಿನ ಕೋಣೆಯಲ್ಲಿ ಕೂತು ಟೀ ಕುಡಿದು, ಆಮೇಲೆ ಒಳಗೆ ಬರುತ್ತಿದ್ದರಂತೆ. ಗಿಡ್ಡ ಕೂದಲಿನವಳು ಟೀ ಬೇಡ, ಹಿಂದುಗಡೆಯಿಂದ ನೋಡುತ್ತಾ ಬರುತ್ತೇನೆ ಅಂದಳು. ಬೇರೆ ಯಾವುದೋ ಕಾರ್ಖಾನೆಯಲ್ಲಿ ಅವಳಿಗೆ ಹಿಂದೆ ಮೋಸ ಮಾಡಿದ್ದರಂತೆ. ಮೊದಲು ರಟ್ಟಿನ ಶೆಡ್ಡು ಅಂದಳು.

ಬುದ್ಧಿವಂತೆ. ಒಳ್ಳೆಯವಳೂ ಇರಬೇಕು. ಅವಳ ಆ ಒಂದು ಮಾತಿಗೆ ಮೇಸ್ತ್ರಿಯ ಮುಖದಲ್ಲಿ ರಕ್ತ ಇಳಿದುಹೋಯಿತು.

ಅವನು ಪಕ್ಕದ ಓಣಿಯಿಂದ ಓಡಿದ. ಟೀ ಕೊಡುವುದೂ ತೋರಿಸೋ ಕೈಗಳ ಕೆಲಸ, ನಾನು ಟ್ರೇ ಹಿಡಿದು ಓಣಿಯ ತುದಿಯಲ್ಲಿದ್ದೆ, ಎಲ್ಲ ನೋಡಿದೆ. ಶೆಡ್ಡಿನಿಂದ ಹೆಂಗಸರನ್ನು ಕುರಿ ಹೊಡೆದ ಹಾಗೆ ಹೊಡೆದುಕೊಂಡು ಬಂದ. ಅಡಗಿಸಲು ಬೇರೆ ಜಾಗವಿಲ್ಲ. ಎರಡನೇ ನಂಬರಿನ ಶೀತಲ ಕೋಣೆಯ ಬಾಗಿಲು ತೆರೆದ. ಅದು ಪೆಟ್ಟಿಗೆ ಕಟ್ಟಿದ ಸಿಗಡಿಯನ್ನು ಹಡಗಿಗೆ ಹೋಗುವ ತನಕ ಇಡುವ ಕೋಣೆ. ನೀರು ಗಡ್ಡೆ ಕಟ್ಟುವುದಕ್ಕಿಂತ ಹದಿನೆಂಟು ಡಿಗ್ರಿ ಕೆಳಗೆ, ಮೇಲಿಂದ ಫ್ಯಾನಿನ ಗಾಳಿ. ದಪ್ಪ ಕೋಟು ಟೋಪಿ ಹಾಕಿಕೊಂಡ ಲೋಡಿಂಗ್ ಗಂಡಸರೇ ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗೆ ಬಂದು ಕೈ ಉಜ್ಜಿಕೊಳ್ಳುತ್ತಾರೆ. ಒಳಗಿನಿಂದ ಬಾಗಿಲು ತೆರೆಯಲು ಒಂದು ಗುಂಡಿ ಇದೆ, ಅದರ ಮೇಲೆ ಯಾವ ಕಾಲದ್ದೋ ಐಸು ಕೂತಿದೆ.

ಗೂಟದಲ್ಲಿ ನಾಲ್ಕು ಕೋಟು ಇದ್ದವು. ಅವನ್ನು ಅವರ ಮೇಲೆ ಎಸೆದ. ಎಲ್ಲರ ಏಪ್ರನ್ನೂ ಬಟ್ಟೆಯೂ ಬೆಳಗಿನ ಕೆಲಸದ ನೀರಿನಿಂದ ಒದ್ದೆಯಾಗಿದ್ದವು. “ಐದೇ ನಿಮಿಷ. ಉಸಿರು ಬಿಡಬೇಡಿ. ಏನೇ ಆದರೂ ಬಾಗಿಲು ಬಡೀಬೇಡಿ,” ಅಂದ. ನಾನು ತಲೆ ಎಣಿಸಿದೆ. ಯಾಕೆ ಎಣಿಸಿದೆನೋ, ಅತ್ತೆ ಇದ್ದಾರಾ ಅಂತ ಹುಡುಕುತ್ತಿದ್ದೆ, ಬಾಯಿ ತಾನಾಗಿ ಎಣಿಸಿತು. ಒಂಬತ್ತು. ಕೊನೆಯವರು ಅತ್ತೆ. ಮೈಮೇಲೆ ಕೋಟು ಇರಲಿಲ್ಲ. ನನ್ನನ್ನು ನೋಡಿ, ನಡಿ ನಡಿ ಅಂತ ಕೈ ಬೀಸಿದರು. ಮೇಸ್ತ್ರಿ ಬಾಗಿಲು ಎಳೆದು, ಬೀಗ ಹಾಕಿ, ‘ರಿಪೇರಿ ಇದೆ’ ಅನ್ನುವ ಹಲಗೆ ನೇತುಹಾಕಿದ. ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ಬಂದವರು ಶೆಡ್ಡು ನೋಡಿದರು, ತೊಟ್ಟಿ ನೋಡಿದರು, ಒಂದನೇ ನಂಬರಿನ ಶೀತಲ ಕೋಣೆ ನೋಡಿದರು. ಆಮೇಲೆ ಮೀಟಿಂಗ್ ಕೋಣೆಯಲ್ಲಿ ಕೂತರು. ಆ ಕೋಣೆಗೆ ಗಾಜಿನ ಗೋಡೆ. ಗಾಜಿನಾಚೆ ಓಣಿ, ಓಣಿಯಲ್ಲಿ ಎರಡನೇ ನಂಬರಿನ ಬಾಗಿಲು. ಅವರು ಅಲ್ಲಿ ಕೂತಿರುವ ತನಕ ಆ ಬಾಗಿಲು ತೆರೆಯುವ ಹಾಗಿರಲಿಲ್ಲ.

ನಾನು ಟೀ ಕೊಟ್ಟು ಮ್ಯಾನೇಜರ ಕುರ್ಚಿಯ ಹಿಂದೆ ನಿಂತೆ. ಕೈ ತೋರಿಸಲು ಯಾವಾಗ ಕರೆದರೂ ಸಿಗಬೇಕಿತ್ತು. ಬಂದವರ ಭಾಷೆ ಮ್ಯಾನೇಜರಿಗೂ ಅಷ್ಟಕ್ಕಷ್ಟೆ. ಹಾಗಾಗಿ ದುಭಾಷಿ ಪ್ರತಿ ಮಾತನ್ನೂ ಅವರ ಕಿವಿಗೆ ಹಾಕುತ್ತಿದ್ದ, ನನಗೂ ಕೇಳುತ್ತಿತ್ತು. ಬೂದು ಕೋಟಿನವನು ಕೈ ತೋರಿಸು ಅಂದ. ನಾನು ಎರಡೂ ಕೈ ಚಾಚಿದೆ. ಅವನು ನೋಡಿ, ಗಿಡ್ಡ ಕೂದಲಿನವಳ ಕಡೆ ತಿರುಗಿ, ನೋಡಿದೆಯಾ ಅನ್ನುವ ಹಾಗೆ ಹುಬ್ಬು ಹಾರಿಸಿದ. ಅಲ್ಲಿಂದ ಇಬ್ಬರಿಗೂ ಮಾತು ಹತ್ತಿಕೊಂಡಿತು.

ಅವನು ಹೇಳಿದ್ದು ಇದು. ಇಪ್ಪತ್ತು ವರ್ಷದ ಹಿಂದೆ ಈ ದಡದಲ್ಲಿ ಏನಿತ್ತು, ಮುರುಕು ದೋಣಿ ಮತ್ತು ಹಸಿವು. ಲೋಕದ ಬಾಗಿಲು ತೆರೆದ ಮೇಲೆ ಇಲ್ಲಿನ ಹೆಂಗಸರು ದುಡಿಯುತ್ತಿದ್ದಾರೆ. ನೀವು ಒಂದರ ಮೇಲೊಂದು ಷರತ್ತು ಹೇರಿದರೆ ಸರಕಿನ ಬೆಲೆ ಏರುತ್ತದೆ, ಕೊಳ್ಳುವವರು ಬೇರೆ ದಡಕ್ಕೆ ಹೋಗುತ್ತಾರೆ, ಇವರು ಮತ್ತೆ ಬೀದಿಗೆ. ವ್ಯಾಪಾರ ಅನ್ನುವುದು ಏಣಿ, ಎಲ್ಲ ದೇಶಗಳೂ ಹತ್ತಿದ್ದು ಅದೇ ಏಣಿಯನ್ನು.

ಅವಳು ಹೇಳಿದ್ದು ಇದು. ಆ ಏಣಿಯನ್ನು ಹತ್ತಿದವರು ಮೇಲೆ ಹೋಗಿ ಅದನ್ನು ಎಳೆದುಕೊಂಡಿದ್ದಾರೆ. ಹೇಗೆ ಕೊಳ್ಳಬೇಕು ಹೇಗೆ ಮಾರಬೇಕು ಅನ್ನುವ ಕಾನೂನೆಲ್ಲ ಕೊಳ್ಳುವ ನಮ್ಮ ದೇಶಗಳಲ್ಲೇ ಬರೆದದ್ದು, ಇವರನ್ನು ಯಾರು ಕೇಳಿದರು? ಹಸಿವು ಮೊದಲೇ ಇದ್ದದ್ದಲ್ಲ, ಸಮುದ್ರ ಖಾಲಿ ಮಾಡಿದವರು ಯಾರು? ಇಂಥ ಕಡೆಯಿಂದ ಕೊಳ್ಳುವುದನ್ನೇ ನಿಲ್ಲಿಸಬೇಕು.

ನಿಲ್ಲಿಸಿದರೆ ಇವರು ಏನು ತಿನ್ನುತ್ತಾರೆ ಅಂದ ಅವನು. ಈಗ ಏನು ತಿನ್ನುತ್ತಿದ್ದಾರೆ ಅಂದಳು ಅವಳು.

ಹನ್ನೊಂದು ಹತ್ತು. ಹನ್ನೊಂದು ಕಾಲು.

ನನಗೆ ಅವನ ಮಾತೂ ಸರಿ ಅನ್ನಿಸಿತು. ನಾನೂ ಕಾರ್ಖಾನೆಗೆ ಸೇರುವ ಮೊದಲು, ಅತ್ತೆಯೊಬ್ಬರ ಕೂಲಿಯಲ್ಲಿ, ನಾವಿಬ್ಬರೂ ಎಷ್ಟೋ ದಿನ ಬರಿ ಗಂಜಿ ನೀರು ಕುಡಿದು ಮಲಗಿದ್ದೇವೆ. ಅವಳ ಮಾತೂ ಸರಿ ಅನ್ನಿಸಿತು. ಅತ್ತೆ ಇದ್ದಿದ್ದರೆ ಅವಳ ಪಕ್ಕ ಕೂತು ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದರು, ಬುಟ್ಟಿ ಹೊರುತ್ತಿದ್ದಾಗ ಮೀನೂ ನಂದು, ಬೆಲೆಯೂ ನಂದು, ಬಾಯಿಯೂ ನಂದಾಗಿತ್ತು ಅಂತ. ಇಬ್ಬರ ಮಾತೂ ಸರಿ ಇರಬಹುದು. ಇಬ್ಬರೂ ಎದ್ದು ಹೋದರೆ ಸಾಕಿತ್ತು. ಅವರು ಏಳಲಿಲ್ಲ. ಇನ್ನೊಂದು ಸುತ್ತು ಟೀ ಕೇಳಿದರು. ನಮ್ಮ ಬಗ್ಗೆಯೇ ಅಷ್ಟು ಬಿಸಿಬಿಸಿಯಾಗಿ ಜಗಳ ಆಡುತ್ತಿದ್ದರು, ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ. ಗಡಿಯಾರ ನೋಡುತ್ತಾ ಟೀ ಸುರಿದೆ, ಬಸಿಗೆ ಚೆಲ್ಲಿತು. ಮ್ಯಾನೇಜರು ತಿರುಗಿ ನೋಡಿದರು. ಅವರ ಹಣೆಯಲ್ಲೂ ಬೆವರು.

ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ. ಅವನ ಒಂದು ಕೈ ಜೇಬಿನೊಳಗೆ ಬೀಗದ ಕೈಯನ್ನು ತಿರುವುತ್ತಿತ್ತು, ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ನಾನು ಅವನನ್ನು ನೋಡಿದೆ. ಅವನು ನೆಲ ನೋಡಿದ.

ಎರಡನೇ ನಂಬರಿನಿಂದ ಒಂದು ಸದ್ದೂ ಇಲ್ಲ. ಬಾಗಿಲು ಬಡಿಯಲಿ ದೇವರೇ ಅಂತ ಬೇಡಿಕೊಂಡೆ. ಬಡಿದರೆ ಆರ್ಡರು ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ, ಆದರೂ ಒಂದು ಸಲ ಬಡಿಯಲಿ. ಬಡಿಯಲಿಲ್ಲ. ಅವರಿಗೆ ಬಡಿಯಬೇಡಿ ಅಂತ ಹೇಳಿದ್ದರಲ್ಲ. ಹೇಳಿದ್ದನ್ನು ಮೀರಿ ನಮಗೆ ಅಭ್ಯಾಸವಿರಲಿಲ್ಲ.

ಹನ್ನೊಂದು ನಲವತ್ತು. ಗಿಡ್ಡ ಕೂದಲಿನವಳು ಇದ್ದಕ್ಕಿದ್ದ ಹಾಗೆ ನನ್ನ ಕಡೆ ಕೈ ಮಾಡಿದಳು. ನಾವೇ ಮಾತಾಡುತ್ತಿದ್ದೇವೆ, ಇವಳನ್ನು ಕೇಳೋಣ ಅಂದಳು. ಬೂದು ಕೋಟಿನವನೂ ಆಗಲಿ, ಅವಳನ್ನೇ ಕೇಳು ಅಂದ. ದುಭಾಷಿ ನನ್ನ ಕಡೆ ತಿರುಗಿ, ಇಲ್ಲಿ ನಿಮಗೆ ಹೇಗಿದೆ, ಹೇಳಿಕೊಳ್ಳುವುದು ಏನಾದರೂ ಇದೆಯಾ ಅಂತ ಕೇಳುತ್ತಿದ್ದಾರೆ ಅಂದ.

ಈಗ ಹೇಳಬೇಕು ಅಂದುಕೊಂಡೆ. ಬಾಯಿ ತೆರೆದೆ. ಬಂದದ್ದು ಪಾಠ. “ಗ್ಲೌಸ್ ಕೊಡ್ತಾರೆ. ಎಂಟು ಗಂಟೆ ಕೆಲಸ. ಕೂರೋಕೆ ಬೆಂಚಿದೆ. ನಮಗಿಲ್ಲಿ ಏನೂ ತೊಂದರೆ ಇಲ್ಲ.” ನನ್ನ ದನಿ ನನಗೇ ಕೇಳುತ್ತಿತ್ತು, ನಿಲ್ಲಿಸಲು ಆಗಲಿಲ್ಲ. ಮೂವತ್ತು ಸಲ ಹೇಳಿಸಿದ್ದ ಅವನು. ಮ್ಯಾನೇಜರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. ನನಗೆ ನನ್ನ ನಾಲಿಗೆಯ ಮೇಲೆ ಅಸಹ್ಯವಾಯಿತು. ಆಚೆ ಅತ್ತೆ ಸಾಯುತ್ತಿದ್ದಾರೆ, ಇಲ್ಲಿ ನಾನು ಬೆಂಚಿದೆ ಅನ್ನುತ್ತಿದ್ದೇನೆ.

ಅಸಹ್ಯ ಬಂದದ್ದು ಒಳ್ಳೆಯದಾಯಿತು. ಎರಡನೇ ಸಲ ಬಾಯಿ ತೆರೆದಾಗ ಪಾಠ ಬರಲಿಲ್ಲ. ಎರಡೂ ಕೈ ಮೇಜಿನ ಮೇಲೆ ಇಟ್ಟು ಹೇಳಿದೆ, “ಇದು ತೋರಿಸೋ ಕೈ. ಇದಕ್ಕೆ ಹದಿನೈದು ದಿನ ಮುಲಾಮು ಹಚ್ಚಿದಾರೆ. ಕೆಲಸ ಮಾಡೋ ಕೈನ ಎರಡನೇ ನಂಬರಿನಲ್ಲಿ ಹಾಕಿ ಬೀಗ ಜಡಿದಿದಾರೆ. ಒಂಬತ್ತು ಜನ ಇದಾರೆ ಒಳಗೆ. ಹತ್ತೂ ಮುಕ್ಕಾಲಿಂದ ಇದಾರೆ.”

ದುಭಾಷಿ ಬಿಳಿಚಿಕೊಂಡ. ಮ್ಯಾನೇಜರ ಮುಖ ನೋಡಿದ. ಆಮೇಲೆ ಬಂದವರಿಗೆ ಏನೋ ಹೇಳಿದ. ಇಬ್ಬರೂ ನಕ್ಕು ತಲೆಯಾಡಿಸಿದರು. ಬೂದು ಕೋಟಿನವನು ನನ್ನ ಕೈಯನ್ನು ಮೆಲ್ಲಗೆ ತಟ್ಟಿದ. ದುಭಾಷಿ ತಲೆ ತಗ್ಗಿಸಿ, “ಸುಮ್ಮನಿರಮ್ಮ. ನನಗೂ ಮಕ್ಕಳಿದಾರೆ,” ಅಂದ.

ಆಗ ಆದ ಹೆದರಿಕೆಯನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಸತ್ಯ ಹೇಳಿಬಿಟ್ಟಿದ್ದೇನೆ, ಇನ್ನು ಕೆಲಸ ಉಳಿಯುವುದಿಲ್ಲ, ಆದರೆ ಕೇಳಬೇಕಾದವರಿಗೆ ಕೇಳಲೇ ಇಲ್ಲ. ಕೆಳಗೆ ಹೋದ ನೀರು ಮೇಲೆ ಬರುವುದಿಲ್ಲ. ನಾನು ಬಾಗಿಲ ಕಡೆ ನಡೆದು ಮೇಸ್ತ್ರಿಯ ಜೇಬಿಗೆ ಕೈ ಹಾಕಿದೆ. ಗಂಡಸಿನ ಜೇಬಿಗೆ. ಅವನು ತಡೆಯುತ್ತಾನೆ ಅಂದುಕೊಂಡಿದ್ದೆ. ಅವನು ತಾನೇ ಬೀಗದ ಕೈ ತೆಗೆದು ನನ್ನ ಅಂಗೈಗೆ ಒತ್ತಿದ. “ಬೇಗ ಹೋಗಮ್ಮ,” ಅಂದ.

ಓಣಿ ದಾಟಿ ಬೀಗ ತೆಗೆದೆ. ಕೋಣೆಯಲ್ಲಿದ್ದವರೆಲ್ಲ ಹಿಂದೆ ಓಡಿ ಬಂದರು. ಬಾಗಿಲು ಎಳೆದಾಗ ಬಿಳಿ ಹೊಗೆ ಉಕ್ಕಿ ಮುಖಕ್ಕೆ ಬಡಿಯಿತು. ಹೊಗೆ ಇಳಿದ ಮೇಲೆ ನೋಡಿದರೆ ಪೆಟ್ಟಿಗೆ. ನೆಲದಿಂದ ಸೂರಿನ ತನಕ ಪೆಟ್ಟಿಗೆಯ ಸಾಲು. ಒಂದು ನರಪಿಳ್ಳೆಯೂ ಇಲ್ಲ.

ಅತ್ತೆ ಅಂತ ಕೂಗಿದೆ. ಉತ್ತರವಿಲ್ಲ. ಮ್ಯಾನೇಜರು ಜೋರಾಗಿ ನಕ್ಕು ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದರು. ಗಿಡ್ಡ ಕೂದಲಿನವಳು ನನ್ನನ್ನು ಕನಿಕರದಿಂದ ನೋಡಿದಳು. ಒಂದು ಗಳಿಗೆ ನನಗೂ ಅನುಮಾನ ಬಂತು, ನಾನೇ ಏನಾದರೂ ಕನಸು ಕಂಡೆನಾ. ಆಮೇಲೆ ಹೊಳೆಯಿತು. ಅವರು ಅಡಗಿದ್ದಾರೆ. ಬಂದವರ ದನಿ ಕೇಳಿಸಿದೆ, ಅದಕ್ಕೆ ಇನ್ನೂ ಒಳಕ್ಕೆ ಸರಿದು ಅಡಗಿದ್ದಾರೆ.

ಒಳಗೆ ನುಗ್ಗಿದೆ. ಮೂರನೇ ಸಾಲಿನ ಹಿಂದೆ ಒಂದು ಮೂಟೆಯ ಹಾಗೆ ಕೂತಿದ್ದರು. ನಡುವೆ ಒಬ್ಬಳು ಬಸುರಿ, ಸುತ್ತ ಉಳಿದವರು, ಎಲ್ಲರ ಮೇಲೂ ಆ ನಾಲ್ಕು ಕೋಟುಗಳನ್ನು ಹೊದಿಕೆಯ ಹಾಗೆ ಹರಡಿಕೊಂಡಿದ್ದರು. ರೆಪ್ಪೆಯ ಮೇಲೆ ಹಿಮದ ಬಿಳಿ ಪುಡಿ. ಒಬ್ಬಳು ಇನ್ನೊಬ್ಬಳ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು, ಹಲ್ಲು ಕಟಕಟಿಸುವ ಸದ್ದು ಕೇಳಬಾರದು ಅಂತ. ನನ್ನನ್ನು ನೋಡಿ ಶ್ ಅಂದಳು. “ಬಂದೋರು ಹೋದ್ರಾ?” ಅಂತ ಕೇಳಿದಳು.

ಒಬ್ಬೊಬ್ಬರನ್ನೇ ಎಳೆದು ಹೊರಗೆ ತಂದೆ. ಕಾಲು ಮಡಿಸಿದ್ದು ಮಡಿಸಿದ ಹಾಗೇ ಇತ್ತು, ಬಗ್ಗಿಕೊಂಡು ಬಂದರು. ಬಂದವರು ಗೋಡೆಗೆ ಅಂಟಿಕೊಂಡು ನಿಂತರು. ಗಿಡ್ಡ ಕೂದಲಿನವಳ ಪುಸ್ತಕ ಕೆಳಗೆ ಬಿತ್ತು. ನಾನು ಎಣಿಸಿದೆ. ಎಂಟು. ಇನ್ನೊಮ್ಮೆ ಎಣಿಸಿದೆ. ಎಂಟೇ.

ಅತ್ತೆ ಇರಲಿಲ್ಲ.

ಆಯ್ತಲ್ಲ, ಎಲ್ಲ ಬಂದರಲ್ಲ, ಬಾಗಿಲು ಹಾಕು, ಸರಕು ಕೆಡುತ್ತದೆ ಅಂದರು ಮ್ಯಾನೇಜರು. ಒಂಬತ್ತು ಜನ ಅಂದೆ. ಯಾರು ಹೇಳಿದ್ದು ಅಂದರು. ಯಾರು ಹೇಳಬೇಕು? ಪುಸ್ತಕದಲ್ಲಿ ಅವರ ಹೆಸರಿಲ್ಲ. ಮೇಸ್ತ್ರಿ ಎಣಿಸಿರಲಿಲ್ಲ. ಹೊರಗೆ ಬಂದ ಎಂಟು ಜನಕ್ಕೆ ಮಾತು ಹೊರಡುತ್ತಿರಲಿಲ್ಲ. ಮ್ಯಾನೇಜರು ಬಾಗಿಲ ಹಿಡಿಕೆಗೆ ಕೈ ಹಾಕಿದರು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

ಒಳಗೆ ಹೋಗಿ ಹುಡುಕಬೇಕಿತ್ತು. ಹೋಗಲು ಹೆದರಿಕೆ. ನಾನು ಒಳಗೆ ಹೋದ ಮೇಲೆ ಇವರು ಬಾಗಿಲು ಹಾಕಿದರೆ? ನಾಳೆ ನಾನೂ ಇರಲಿಲ್ಲ ಅಂದರೆ? ಕೂತರೆ ಅತ್ತೆ ಸಾಯುತ್ತಾರೆ, ಎದ್ದರೆ ಇಬ್ಬರೂ ಸಾಯುತ್ತೇವೆ. ಓಣಿಯ ತುದಿಯಲ್ಲಿ ಕಾಣುವ ಮೇಜುಗಳ ಕಡೆ ತಿರುಗಿ ಕೂಗಿದೆ, “ಯಾರಾದ್ರೂ ಬಂದು ಬಾಗಿಲು ಹಿಡ್ಕೊಳ್ರೇ. ನಾನು ಒಳಗೆ ಹೋಗ್ಬೇಕು.”

ಯಾರೂ ಬರಲಿಲ್ಲ. ಅವರನ್ನು ಬೈಯುವುದಿಲ್ಲ. ಮೇಜು ಬಿಟ್ಟು ಅಲ್ಲಾಡಬೇಡಿ ಅಂತ ಕಟ್ಟಪ್ಪಣೆಯಾಗಿತ್ತು, ಅವರ ಜಾಗದಲ್ಲಿ ನಾನಿದ್ದಿದ್ದರೂ ಬರುತ್ತಿರಲಿಲ್ಲ. ಎಲ್ಲರ ಕೈಯೂ ನೀರಿನಲ್ಲಿ ನಿಂತಿತ್ತು. ಆಮೇಲೆ ಕೊನೆಯ ಮೇಜಿನಿಂದ ಒಬ್ಬಳು ಬಂದಳು. ಆರು ವರ್ಷದಿಂದ ಅಲ್ಲಿದ್ದಾಳೆ, ಯಾರ ಹತ್ತಿರವೂ ಮಾತಿಲ್ಲ, ತಟ್ಟೆಯಿಂದ ಕಣ್ಣು ಎತ್ತಿದವಳಲ್ಲ. ನಾವು ಅವಳನ್ನು ‘ಮೂಕಿ’ ಅಂತಲೇ ಕರೆಯುತ್ತಿದ್ದೆವು. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು, ಮ್ಯಾನೇಜರನ್ನು ಮೊಣಕೈಯಿಂದ ಸರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹೋಗು ಅಂತ ಕಣ್ಣಲ್ಲೇ ಹೇಳಿದಳು.

ಅತ್ತೆ ಆಚೆ ಕೊನೆಯಲ್ಲಿದ್ದರು, ಫ್ಯಾನಿನ ಕೆಳಗೆ. ಖಾಲಿ ರಟ್ಟು ಅಲ್ಲಿತ್ತು. ಬಸುರಿಯ ಕೆಳಗೆ ಹಾಸಲು ರಟ್ಟು ಹರಿದು ತರುತ್ತೇನೆ ಅಂತ ಹೋದವರಂತೆ, ಎರಡು ಸಲ ತಂದು ಕೊಟ್ಟು ಮೂರನೇ ಸಲ ವಾಪಸು ಬರಲಿಲ್ಲವಂತೆ. ಕೂಗಿ ಕರೆಯಲು ಅವರಿಗೆಲ್ಲ ಹೆದರಿಕೆ. ಅತ್ತೆ ರಟ್ಟಿನ ರಾಶಿಗೆ ಒರಗಿ ಕೂತಿದ್ದರು, ತೊಡೆಯ ಮೇಲೆ ಅರ್ಧ ಹರಿದ ಪೆಟ್ಟಿಗೆ. ಕಣ್ಣು ಅರೆ ತೆರೆದಿತ್ತು. ನಡುಕ ಕೂಡ ಇರಲಿಲ್ಲ. ಮೂಗಿನ ಹತ್ತಿರ ನನ್ನ ಕೆನ್ನೆ ಇಟ್ಟೆ. ಬಹಳ ಹೊತ್ತಿನ ಮೇಲೆ ಒಂದು ಎಳೆ ಉಸಿರು ತಾಗಿತು. ಎತ್ತಲು ಹೋದೆ, ಆಗಲಿಲ್ಲ. ಹೆಣಭಾರ ಅನ್ನುತ್ತಾರಲ್ಲ, ಆ ಮಾತು ನೆನಪಾಗಿ ಜೋರಾಗಿ ಅತ್ತುಬಿಟ್ಟೆ.

ಅಳು ಕೇಳಿ ಇನ್ನೂ ನಾಲ್ಕು ಜನ ಮೇಜು ಬಿಟ್ಟು ಬಂದರು. ಕೈಗೂ ಕಾಲಿಗೂ ಒಬ್ಬೊಬ್ಬರು ಹಿಡಿದು ಎತ್ತಿದೆವು. ಓಣಿಯ ನೆಲ ಒದ್ದೆ. ಮೀಟಿಂಗ್ ಕೋಣೆಯೊಂದೇ ಬೆಚ್ಚಗೆ, ಒಣಗಿ ಇದ್ದದ್ದು. ಟೀ ಲೋಟ, ಬಿಸ್ಕತ್ತು, ಕಾಗದ ಎಲ್ಲವನ್ನೂ ಒಂದೇ ಸಲಕ್ಕೆ ನೆಲಕ್ಕೆ ದೂಡಿ ಅತ್ತೆಯನ್ನು ಮೇಜಿನ ಮೇಲೆ ಮಲಗಿಸಿದೆವು. ಉಳಿದ ಎಂಟು ಜನರನ್ನು ಕುರ್ಚಿಗಳಲ್ಲಿ ಕೂರಿಸಿದೆವು. ಬೂದು ಕೋಟಿನವನು ಕೋಟು ಬಿಚ್ಚಿ ಕೊಟ್ಟ. ತೆಗೆದುಕೊಂಡೆ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಯಾಕೆ ಹೇಳಲಿ. ಮೇಸ್ತ್ರಿ ಗಾಡಿ ತರಲು ಓಡಿದ.

ಗಿಡ್ಡ ಕೂದಲಿನವಳು ದುಭಾಷಿಯ ತೋಳು ಹಿಡಿದು ಏನೋ ಕೇಳಿಸಿದಳು. ಈ ಸಲ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಇದನ್ನು ವರದಿ ಮಾಡಿದರೆ ನಾಳೆಯೇ ಆರ್ಡರು ನಿಲ್ಲುತ್ತದೆ, ಎಲ್ಲರ ಕೆಲಸ ಹೋಗಬಹುದು ಅಂತ ಈ ಸಾಹೇಬರು ಅನ್ನುತ್ತಾರೆ. ಮಾಡದಿದ್ದರೆ ಇದು ಹೀಗೇ ನಡೆಯುತ್ತದೆ ಅಂತ ಈ ಮೇಡಂ ಅನ್ನುತ್ತಾರೆ. ನೀವೇ ಹೇಳಿ, ಏನು ಮಾಡಬೇಕು?

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ಕೈ ಅತ್ತೆಯ ಏಪ್ರನ್ನಿನ ಗಂಟು ಬಿಚ್ಚುತ್ತಿತ್ತು. ಗಂಟು ಹೆಪ್ಪುಗಟ್ಟಿ ಕಲ್ಲಾಗಿತ್ತು.

“ಅದನ್ನ ನೀವು ನೀವೇ ಮಾತಾಡ್ಕೊಳ್ಳಿ,” ಅಂದೆ. “ಹೊರಗೆ ನಿಂತು ಮಾತಾಡಿ. ಒದ್ದೆ ಬಟ್ಟೆ ಬಿಚ್ಚಬೇಕು. ಈ ಕೋಣೆ ನಮಗೆ ಬೇಕು.”

ದುಭಾಷಿ ಅದನ್ನೂ ಹೇಳಿದ. ಅವರು ಹೊರಗೆ ಹೋದರು. ಒಬ್ಬಳು ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದಳು. ಬಟ್ಟೆ ತೆಗೆದು, ಕೋಟು ಹೊದಿಸಿ, ನಾನು ಮೇಜು ಹತ್ತಿ ಅತ್ತೆಯನ್ನು ಮೈಗೆ ಅವುಚಿಕೊಂಡು ಮಲಗಿದೆ. ಸೇರಿದಾಗಿನಿಂದ ಮೊದಲ ಸಲ ನಾನು ಆ ಕಾರ್ಖಾನೆಯಲ್ಲಿ ಮಲಗಿದ್ದು. ಅವರ ಬೆರಳು ನನ್ನ ಕಂಕುಳಲ್ಲಿ ಇಟ್ಟುಕೊಂಡೆ, ಕಬ್ಬಿಣದ ಹಾಗಿತ್ತು. ಬದುಕುತ್ತಾರಾ ಅಂತ ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಅಂತ ಹೆದರಿಕೆ.

ಗಾಜಿನಾಚೆ ಎರಡನೇ ನಂಬರಿನ ಬಾಗಿಲು ಇನ್ನೂ ತೆರೆದೇ ಇತ್ತು. ಮೂಕಿ ಅಲ್ಲೇ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಪಕ್ಕ ಈಗ ಇನ್ನೂ ಹತ್ತು ಹನ್ನೆರಡು ಜನ. ಪೆಟ್ಟಿಗೆಗಳಿಂದ ನೀರು ತೊಟ್ಟಿಕ್ಕಿ ಓಣಿಗೆ ಹರಿಯುತ್ತಿತ್ತು. ನಲವತ್ತು ಟನ್ನು ಮಾಲು, ನಾಡಿದ್ದು ಹಡಗು, ನನ್ನ ತಲೆ ಹೋಗುತ್ತದೆ ಅಂತ ಮ್ಯಾನೇಜರು ಒಬ್ಬೊಬ್ಬರ ಮುಂದೆಯೂ ಕೈ ಜೋಡಿಸುತ್ತಿದ್ದರು. ಒಂಬತ್ತು ಅಂದಿರಿ, ಒಂಬತ್ತೂ ಬಂತಲ್ಲ, ಇನ್ನೇನು ಅಂದರು.

ಮೂಕಿ ಬಾಯಿ ಬಿಟ್ಟಳು. ಅವಳ ದನಿ ಹೇಗಿರುತ್ತದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

“ಒಂಬತ್ತು ಅಂತ ಅವಳು ಹೇಳಿದ್ದು. ನೀವು ಬರೆದಿಟ್ಟಿದೀರಾ?” ಅಂದಳು. “ಹತ್ತನೆಯವಳು ಇಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಒಂದೊಂದು ಪೆಟ್ಟಿಗೆನೂ ಹೊರಗೆ ಬರಲಿ. ನೋಡ್ತೀವಿ.”

ಯಾರೋ ಮೊದಲ ಪೆಟ್ಟಿಗೆಯನ್ನು ಎತ್ತಿ ಓಣಿಗೆ ಇಟ್ಟರು. ಇನ್ನೊಂದು ಇಟ್ಟರು. ಮೇಜುಗಳ ಕಡೆ ಕೈಗಳು ನೀರಿನಿಂದ ಮೇಲೆ ಬಂದವು.